ಚೊಚ್ಚಲ ಪುಸ್ತಕಕ್ಕೆ ಗೂಡಿನ ದುಡ್ಡು ಕೊಡಬೇಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನವಳು, ವಯಸ್ಸು 24. ಕನ್ನಡ ಎಂ.ಎ. ಮುಗಿಸಿ ಚಿಕ್ಕಬಳ್ಳಾಪುರದ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೇನೆ. ಕಾಲೇಜಿನ ದಿನಗಳಿಂದ ಬರೆದ 14 ಕಥೆಗಳು ನನ್ನ ಬಳಿ ಇವೆ. ಎರಡನ್ನು ಭಾನುವಾರದ ಪುರವಣಿಗಳಿಗೆ ಕಳುಹಿಸಿದ್ದೆ, ಉತ್ತರವೇ ಬರಲಿಲ್ಲ. ಹೋದ ತಿಂಗಳು ಫೇಸ್‌ಬುಕ್‌ನಲ್ಲಿ ಹಾಕಿದ ಒಂದು ಕಥೆ ನೋಡಿ ಪ್ರಕಾಶಕರೊಬ್ಬರು ಫೋನ್ ಮಾಡಿದರು. 62,000 ರೂಪಾಯಿ ಕೊಟ್ಟರೆ ಎಲ್ಲ ಕಥೆಗಳನ್ನೂ ಸೇರಿಸಿ 500 ಪ್ರತಿ ಮುದ್ರಿಸುತ್ತಾರಂತೆ, ಐಎಸ್‌ಬಿಎನ್ ಹಾಕಿಸುತ್ತಾರಂತೆ, ಬೆಂಗಳೂರಿನಲ್ಲಿ ಬಿಡುಗಡೆ ಮಾಡಿಸಿ ಒಂದು ರಾಜ್ಯಮಟ್ಟದ ಪ್ರಶಸ್ತಿಯನ್ನೂ ಕೊಡಿಸುತ್ತಾರಂತೆ. ನನಗೆ 100 ಪ್ರತಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಕರಾರಿನಲ್ಲಿ 'ಕೃತಿಯ ಸಮಸ್ತ ಹಕ್ಕುಗಳೂ ಪ್ರಕಾಶಕರವು' ಎಂದಿದೆ. ತಿಂಗಳೊಳಗೆ ಹೇಳಬೇಕಂತೆ. ಈ ಬೆಳೆಯ ರೇಷ್ಮೆಗೂಡಿನ ದುಡ್ಡು ಕೊಡುತ್ತೇನೆ ಎಂದು ಅಪ್ಪ ಹೇಳುತ್ತಿದ್ದಾರೆ. ಬೇರೆ ಕಡೆ ಕಳುಹಿಸಿದರೆ ಕಥೆ ಕದಿಯುತ್ತಾರೆ ಎಂದು ಗೆಳತಿ ಹೆದರಿಸುತ್ತಾಳೆ. ಪರಿಚಯವಿಲ್ಲದವರ ಪುಸ್ತಕವನ್ನು ಬೆಂಗಳೂರಿನಲ್ಲಿ ಯಾರೂ ಹಾಕುವುದಿಲ್ಲ ಎನ್ನುವುದು ನಿಜವೇ? ನಮ್ಮ ಮನೆಮಾತು ತೆಲುಗು. ಪಾತ್ರಗಳ ಮಾತಿನಲ್ಲಿ ಅದು ಬೆರೆಯುತ್ತದೆ. ಅದನ್ನೆಲ್ಲ ತೆಗೆದು ಶುದ್ಧ ಕನ್ನಡ ಮಾಡು ಎಂದು ನಮ್ಮ ಮೇಷ್ಟ್ರು ಹೇಳಿದರು. ಏನು ಮಾಡಲಿ? 'ಬಿಸಿನೀರು' ಎಂಬ ಕಥೆಯೊಂದನ್ನು ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ಮೊದಲು ಅಪ್ಪನಿಗೆ ಹೇಳಿಬಿಡಿ, ಗೂಡಿನ ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಾನು ಚಿಂತಾಮಣಿಯವಳು. ಇಪ್ಪತ್ತೆಂಟು ವರ್ಷಗಳಿಂದ ಬೆಂಗಳೂರಿನಲ್ಲಿ ಪುಸ್ತಕ ತಿದ್ದುವ, ಅಚ್ಚು ಹಾಕಿಸುವ ಕೆಲಸದಲ್ಲಿದ್ದೇನೆ. ನಿಮ್ಮ ಪತ್ರ ಓದುವಾಗ ಇಪ್ಪತ್ತಮೂರನೇ ವಯಸ್ಸಿನ ನನ್ನನ್ನೇ ಕಂಡಂತಾಯಿತು. ಆಗ ನನಗೂ ಒಬ್ಬರು ಪ್ರಕಾಶಕರು ಸಿಕ್ಕಿದ್ದರು. ಅಮ್ಮನ ಎರಡು ಬಳೆ ಅಡವಿಟ್ಟು ಕವನ ಸಂಕಲನ ತಂದೆ. ಆ ಕಾಲದ ವಾಡಿಕೆಯಂತೆ ಸಾವಿರ ಪ್ರತಿ. ಅವುಗಳಲ್ಲಿ ಆರುನೂರು ಎತ್ತಿನಗಾಡಿಯ ಹೇರಿನಂತೆ ನಮ್ಮ ಮನೆಗೇ ಬಂದು ಅಟ್ಟ ಸೇರಿದವು. ಮುಂದಿನ ವರ್ಷ ಅಕ್ಕನ ಮದುವೆಯಲ್ಲಿ ತಾಂಬೂಲದ ಚೀಲಕ್ಕೆ ತೆಂಗಿನಕಾಯಿಯ ಜೊತೆ ಒಂದೊಂದು ಪ್ರತಿ ಹಾಕಿ ಕೊಟ್ಟೆವು. ಕಾಯಿ ಎಲ್ಲರ ಮನೆಯಲ್ಲೂ ಖರ್ಚಾಯಿತು. ಪುಸ್ತಕದ ಬಗ್ಗೆ ಇಂದಿನವರೆಗೂ ಒಬ್ಬರೂ ತುಟಿ ಬಿಚ್ಚಿಲ್ಲ. ಬಳೆ ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಆದರೆ ನನಗೆ ನಿಜವಾಗಿ ಆದ ನಷ್ಟ ಬಳೆಯದಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ನಿಮಗೆ ಬಂದಿರುವ ಲೆಕ್ಕವನ್ನೇ ಬಿಡಿಸಿ ನೋಡಿ. 500 ಪ್ರತಿಯ ಖರ್ಚೆಲ್ಲ ನಿಮ್ಮದು, ಕೈಗೆ ಬರುವುದು 100. ಅಂದರೆ ನಿಮ್ಮದೇ ಪುಸ್ತಕ ನಿಮಗೆ ಪ್ರತಿಗೆ 620 ರೂಪಾಯಿ ಬಿದ್ದಂತಾಯಿತು. ಉಳಿದ 400 ಯಾರವು? ಮಾರಿದರೆ ದುಡ್ಡು ಯಾರಿಗೆ? ಗ್ರಂಥಾಲಯ ಇಲಾಖೆ ಕೊಂಡರೆ ಆ ಬಿಲ್ಲು ಯಾರ ಹೆಸರಿಗೆ? ಕರಾರಿನಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ಇರುವುದು ಒಂದೇ ಸಾಲು, ಹಕ್ಕೆಲ್ಲ ಅವರದು ಎಂದು. ಮುದ್ರಣದ ವೆಚ್ಚವನ್ನೂ ನೋಡೋಣ. ನಿಮ್ಮ 14 ಕಥೆಗಳು 1/8 ಡೆಮಿ ಆಕಾರದಲ್ಲಿ ಸುಮಾರು 160 ಪುಟ, ಅಂದರೆ ಹದಿನಾರು ಪುಟದ ಹತ್ತು ಫಾರಂ ಆದಾವು. ಒಳಪುಟಗಳಿಗೆ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೊ ಕಾಗದ, ಹೊದಿಕೆಗೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಎಂದಿಟ್ಟುಕೊಂಡರೆ, ಪುಟವಿನ್ಯಾಸ ಮತ್ತು ಮುಖಪುಟದ ಖರ್ಚೂ ಸೇರಿ 500 ಪ್ರತಿಗೆ 40 ಸಾವಿರದ ಆಸುಪಾಸು ಎಂಬುದು ನನ್ನ ಅಂದಾಜು. ಕಾಗದದ ಬೆಲೆ ಕುಣಿಯುತ್ತಲೇ ಇರುವುದರಿಂದ ಪ್ರೆಸ್‌ನಿಂದ ಪ್ರೆಸ್‌ಗೆ ವ್ಯತ್ಯಾಸ ಇದ್ದೇ ಇರುತ್ತದೆ. ಏನೇ ಆಗಲಿ, ಪುಸ್ತಕ ಅಚ್ಚಾಗುವ ಮೊದಲೇ ಆ ಪ್ರಕಾಶಕರ ಲಾಭ ಅವರ ಜೇಬು ಸೇರಿರುತ್ತದೆ. ಇನ್ನು ಅದನ್ನು ಮಾರುವ ಉಸಾಬರಿ ಅವರಿಗೇಕೆ?

ಪ್ರಕಾಶಕ ಎಂದರೆ ತನ್ನ ದುಡ್ಡನ್ನು ನಿಮ್ಮ ಬರಹದ ಮೇಲೆ ಹೂಡಿ, ಅದು ಮುಳುಗಿದರೆ ತಾನು ಮುಳುಗುವವನು. ನಿಮ್ಮ ದುಡ್ಡಿನಿಂದ ಮುದ್ರಿಸಿಕೊಡುವವರು ಮುದ್ರಣದ ಗುತ್ತಿಗೆದಾರರು. ಆ ಕೆಲಸದಲ್ಲಿ ಅವಮಾನವೇನೂ ಇಲ್ಲ, ಕೆಲವರು ಅದನ್ನು ಅಚ್ಚುಕಟ್ಟಾಗಿ, ಲೆಕ್ಕ ತೋರಿಸಿ ಮಾಡುತ್ತಾರೆ. ಆದರೆ ಗುತ್ತಿಗೆದಾರನಿಗೆ ಕೂಲಿಯ ಮೇಲೆ ಜಮೀನಿನ ಪಹಣಿಯನ್ನೂ ಬರೆದುಕೊಡುವುದುಂಟೆ? 'ಸಮಸ್ತ ಹಕ್ಕುಗಳೂ' ಎಂಬ ಸಾಲು ಕೇಳುತ್ತಿರುವುದು ಅದನ್ನೇ.

ಐಎಸ್‌ಬಿಎನ್ ಬಗ್ಗೆಯೂ ಒಂದು ಮಾತು. ಆ ಹದಿಮೂರು ಅಂಕೆಗಳನ್ನು ಸರ್ಕಾರದ ಮೊಹರು ಎಂದು ತಿಳಿದವರು ಬಹಳ. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ, ಅಷ್ಟೆ. ಗುಣಕ್ಕೂ ಅದಕ್ಕೂ ನಂಟಿಲ್ಲ. ನಮ್ಮ ದೇಶದಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಸ್ವಂತ ಪುಸ್ತಕ ತರುವ ಲೇಖಕರೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಪಡೆಯಬಹುದು. ಪ್ಯಾಕೇಜಿನಲ್ಲಿ ಅದಕ್ಕೆಂದು ಐದು ಸಾವಿರ ಹಚ್ಚುವವರನ್ನು ನೋಡಿದ್ದೇನೆ. ಪ್ರಶಸ್ತಿಯ ವಿಷಯ ಇನ್ನೂ ಚಿಕ್ಕದು. ಪುಸ್ತಕ ಅಚ್ಚಾಗುವ ಮೊದಲೇ ನಿಶ್ಚಯವಾಗಿರುವ ಪ್ರಶಸ್ತಿಗೆ ಶಾಲು, ಹಾರ, ಫಲಕ ಮೂರೇ ಖರ್ಚು, ಅದೂ ನಿಮ್ಮದೇ.

ಇನ್ನು ಕಳವಿನ ಭಯ. ನನ್ನ ಮೇಜಿಗೆ ಬಂದ ಹಸ್ತಪ್ರತಿಗಳನ್ನು ಎಣಿಸಿಟ್ಟಿಲ್ಲ, ಆದರೆ ಹೊಸಬರ ಕಥೆಯನ್ನು ಸಂಪಾದಕರೊಬ್ಬರು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿದ್ದನ್ನು ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ. ಸಂಪಾದಕರಿಗೆ ಕಥೆಯ ಬರವಿಲ್ಲ, ಓದಲು ಹೊತ್ತಿನ ಬರ. ಜಾಲತಾಣದಿಂದ ಎತ್ತಿ ಬೇರೆ ಹೆಸರಿನಲ್ಲಿ ಹಂಚುವವರು ಇದ್ದಾರೆ ನಿಜ, ಆದರೆ ಅದು ನೀವು ಕಥೆಯನ್ನು ಫೇಸ್‌ಬುಕ್‌ಗೆ ಹಾಕಿದಾಗಿನ ಅಪಾಯ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಬರೆದು ಮುಗಿಸಿದ ಕ್ಷಣದಿಂದಲೇ ಬರಹ ನಿಮ್ಮದು. ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಮಾನವಿಡೀ, ಆಮೇಲೆ ಮತ್ತೂ 60 ವರ್ಷ ಆ ಹಕ್ಕು ಇರುತ್ತದೆ. ಕಾಯ್ದೆ ಕಾಯುವುದು ನೀವು ಬರೆದ ವಾಕ್ಯಗಳನ್ನು, ಹೊಳೆದ ಎಳೆಯನ್ನಲ್ಲ. 'ರೇಷ್ಮೆ ಬಿಚ್ಚುವ ಅಜ್ಜಿಯ ಕಥೆ' ಎಂಬ ಎಳೆಯನ್ನು ಯಾರೂ ಬರೆಯಬಹುದು. ಇಮೇಲ್‌ನಲ್ಲಿ ಕಳುಹಿಸಿ. ಕಳುಹಿಸಿದ ದಿನಾಂಕವೇ ಸಾಕ್ಷಿಯಾಗಿ ಉಳಿಯುತ್ತದೆ.

ಕಳವಿಗಿಂತ ಹೆದರಬೇಕಾದ್ದು ನಾವೇ ಕೈಯಾರೆ ಬರೆದುಕೊಡುವುದಕ್ಕೆ. ಅದೇ ಕಾಯ್ದೆಯ 19ನೇ ಸೆಕ್ಷನ್ ಲೇಖಕರ ಪಾಲಿಗೆ ತವರುಮನೆಯಂಥದ್ದು, ನಮ್ಮವರು ಅದನ್ನು ಓದುವುದೇ ಇಲ್ಲ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಗೌರವಧನ ಎಷ್ಟು ಎಂಬುದು ಅದರಲ್ಲಿ ನಮೂದಾಗಬೇಕು. ಕಾಲ ಬರೆದಿಲ್ಲವಾದರೆ ಐದು ವರ್ಷ ಎಂದೂ, ಪ್ರದೇಶ ಬರೆದಿಲ್ಲವಾದರೆ ಭಾರತದೊಳಗೆ ಎಂದೂ ಕಾಯ್ದೆ ಭಾವಿಸುತ್ತದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಪಡೆದುಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದೆ ಹೋದಾಗ ಅದು ನಿಮಗೇ ಮರಳುತ್ತದೆ. ಆದ್ದರಿಂದ ಯಾರ ಜೊತೆಗೇ ಆಗಲಿ, ಮುದ್ರಿತ ಕನ್ನಡ ಆವೃತ್ತಿಯ ಹಕ್ಕನ್ನು ಮಾತ್ರ ಇಂತಿಷ್ಟು ವರ್ಷಕ್ಕೆ ಎಂದು ಕೊಡಿ. ಅನುವಾದ, ಇ-ಪುಸ್ತಕ, ಆಡಿಯೊ, ಸಿನಿಮಾ ಹಕ್ಕುಗಳು ನಿಮ್ಮಲ್ಲೇ ಇರಲಿ, ಅಥವಾ ಒಂದೊಂದಕ್ಕೂ ಬೇರೆ ಮಾತುಕತೆ ನಡೆಯಲಿ. ಒಂದು ಕಥೆಯ ಸಿನಿಮಾ ಹಕ್ಕಿನ ಬೆಲೆ ಇಡೀ ಸಂಕಲನದ ಗೌರವಧನವನ್ನು ನುಂಗಿ ನೀರು ಕುಡಿಯುವಂತಿರುತ್ತದೆ. ಅದನ್ನು ಎರಡು ಪದಗಳಲ್ಲಿ ಬಿಟ್ಟುಕೊಟ್ಟು ಆಮೇಲೆ ಕಣ್ಣೀರು ಹಾಕಿದವರ ಜೊತೆ ಕೂತು ಕಾಫಿ ಕುಡಿದಿದ್ದೇನೆ.

ಪರಿಚಯವಿಲ್ಲದೆ ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಇದರಲ್ಲಿ ಅರ್ಧ ಸತ್ಯವಿದೆ, ನಾನು ಮುಚ್ಚಿಡುವುದಿಲ್ಲ. ಪರಿಚಿತರು ಕೊಟ್ಟ ಹಸ್ತಪ್ರತಿ ಕಟ್ಟಿನ ಮೇಲಕ್ಕೆ ಬರುತ್ತದೆ. ಆದರೆ ಅದರಿಂದ ಸಿಗುವುದು ಬೇಗ ಓದಿಸಿಕೊಳ್ಳುವ ಭಾಗ್ಯ ಮಾತ್ರ, ಅಚ್ಚಾಗುವ ಭರವಸೆಯಲ್ಲ. ಕನ್ನಡದ ಎಷ್ಟೋ ಪ್ರಕಾಶನಗಳು ಇಬ್ಬರು ಮೂವರು ನಡೆಸುವ ಮನೆ ಅಂಗಡಿಗಳು. ಹಸ್ತಪ್ರತಿ ಓದುವವರು, ಪ್ರೂಫ್ ನೋಡುವವರು, ಪಾರ್ಸೆಲ್ ಕಟ್ಟುವವರು ಒಬ್ಬರೇ. ಆರು ತಿಂಗಳ ಮೌನಕ್ಕೆ ತಿರಸ್ಕಾರ ಎಂದು ಅರ್ಥವಲ್ಲ, ಇನ್ನೂ ತೆರೆದಿಲ್ಲ ಎಂದರ್ಥ.

ನಿಮ್ಮ ಎರಡು ಕಥೆಗಳಿಗೆ ಉತ್ತರ ಬಾರದಿರುವುದಕ್ಕೆ ಕಾರಣವನ್ನು ನಾನು ಊಹಿಸಬಲ್ಲೆ. 'ಬಿಸಿನೀರು' ಸುಮಾರು ನಾಲ್ಕು ಸಾವಿರ ಪದಗಳಿದೆ. ಉಳಿದವೂ ಇಷ್ಟೇ ಉದ್ದವಿದ್ದರೆ ಭಾನುವಾರದ ಪುರವಣಿಯಲ್ಲಿ ಅವುಗಳಿಗೆ ಜಾಗವೇ ಇಲ್ಲ. ಅಲ್ಲಿ ಸಾವಿರದೈನೂರು, ಹೆಚ್ಚೆಂದರೆ ಎರಡು ಸಾವಿರ ಪದ. ಸಂಪಾದಕರು ಮೊದಲು ನೋಡುವುದು ಉದ್ದವನ್ನು, ಕಥೆಯನ್ನಲ್ಲ. ನಿಮ್ಮಂಥ ಕಥೆಗೆ 'ಮಯೂರ', 'ತುಷಾರ'ದಂಥ ಮಾಸಪತ್ರಿಕೆಗಳು ಸರಿಯಾದ ಮನೆ. ಮತ್ತೊಂದು ತೊಂದರೆ ನಿಮ್ಮ ಕಡತದಲ್ಲೇ ಇದೆ. 'ನುಡಿ' ತಂತ್ರಾಂಶದ ಹಳೆಯ ಅಕ್ಷರ ಶೈಲಿಯಲ್ಲಿ ಟೈಪ್ ಮಾಡಿದ್ದೀರಿ. ಅದು ನನ್ನ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಧ ಪುಟ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ನಾನು ಪರಿವರ್ತಿಸಿಕೊಂಡು ಓದಿದೆ, ಅವಸರದಲ್ಲಿರುವ ಉಪಸಂಪಾದಕರು ಮುಚ್ಚಿಬಿಡುತ್ತಾರೆ. ಯೂನಿಕೋಡ್‌ನಲ್ಲಿ ಕಳುಹಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ, ಕೆಡುವುದು ಅವೇ. ಪುಟಸಂಖ್ಯೆ ಹಾಕಿ. ಮೊದಲ ಪುಟದಲ್ಲಿ ಹೆಸರು, ವಿಳಾಸ, ಪದಗಳ ಸಂಖ್ಯೆ ಇರಲಿ. ಜೊತೆಗಿನ ಪತ್ರ ನಾಲ್ಕು ಸಾಲು ಸಾಕು. 'ತಾವು ದೊಡ್ಡ ಮನಸ್ಸು ಮಾಡಿ' ಎಂಬ ಸಾಲು ಬೇಡವೇ ಬೇಡ. ಒಂದು ಕಥೆಯನ್ನು ಒಂದೇ ಪತ್ರಿಕೆಗೆ ಕಳುಹಿಸಿ, ಮೂರು ತಿಂಗಳು ಕಾದು, ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ತಿಳಿಸಿ, ಆಮೇಲೆ ಇನ್ನೊಂದಕ್ಕೆ. ಇಬ್ಬರಲ್ಲೂ ಒಂದೇ ವಾರ ಅಚ್ಚಾದರೆ ಇಬ್ಬರೂ ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ, ಒಳ್ಳೆಯ ಕಾರಣಕ್ಕಲ್ಲ.

ಈಗ ನನಗಾದ ನಿಜವಾದ ನಷ್ಟಕ್ಕೆ ಬರುತ್ತೇನೆ. ಚೊಚ್ಚಲ ಎಂಬುದು ಒಂದೇ ಸಲ. ಹೊಸ ಲೇಖಕರಿಗೆಂದು ಇರುವ ಬಾಗಿಲುಗಳಲ್ಲಿ ಬಹುಪಾಲಿನ ಮೇಲೆ ಅದೇ ಪದ ಬರೆದಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕನ್ನಡ ಪುಸ್ತಕ ಪ್ರಾಧಿಕಾರವು 18ರಿಂದ 35 ವರ್ಷದೊಳಗಿನವರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುತ್ತದೆ. ಹಸ್ತಪ್ರತಿಗಳನ್ನು ಆಹ್ವಾನಿಸಿ, ಓದಿಸಿ, ಆರಿಸುತ್ತಾರೆ. ಛಂದ ಪುಸ್ತಕ ಪ್ರಕಾಶನ ನಡೆಸುವ ಹಸ್ತಪ್ರತಿ ಸ್ಪರ್ಧೆ ಅದುವರೆಗೆ ಕಥಾಸಂಕಲನ ತಾರದವರಿಗೆ ಮೀಸಲು. ಗೆದ್ದ ಹಸ್ತಪ್ರತಿಯನ್ನು ಅವರೇ ಪ್ರಕಟಿಸುತ್ತಾರೆ, ಬಹುಮಾನವನ್ನೂ ಕೊಡುತ್ತಾರೆ. ಈಗ ಹೆಸರು ಮಾಡಿರುವ ಹಲವು ಕಥೆಗಾರರ ಮೊದಲ ಪುಸ್ತಕ ಬಂದದ್ದು ಹಾಗೆ. ರಾಜ್ಯ ಸಾಹಿತ್ಯ ಅಕಾಡೆಮಿಯ ದತ್ತಿ ಬಹುಮಾನಗಳಲ್ಲೂ ಲೇಖಕರ ಮೊದಲ ಕೃತಿಗೆಂದೇ ಒಂದಿದೆ. 62,000 ಕೊಟ್ಟು, ತಿದ್ದದ ಹದಿನಾಲ್ಕು ಕಥೆಗಳನ್ನು ಈ ತಿಂಗಳು ಅಚ್ಚು ಹಾಕಿಸಿದಿರಿ ಎಂದಿಟ್ಟುಕೊಳ್ಳಿ. ನೂರು ಜನ ಓದದ ಆ ಪುಸ್ತಕ ಇಂಥ ಬಾಗಿಲುಗಳನ್ನೆಲ್ಲ ಒಟ್ಟಿಗೆ ಮುಚ್ಚಿಬಿಡುತ್ತದೆ. ಎರಡು ವರ್ಷದ ನಂತರ ನೀವು ನಿಜಕ್ಕೂ ಒಳ್ಳೆಯ ಸಂಕಲನ ಕಟ್ಟಿದಾಗ ಅದು ನಿಮ್ಮ ಎರಡನೆಯ ಪುಸ್ತಕವಾಗಿರುತ್ತದೆ. ನನಗೆ ಆದದ್ದು ಇದೇ. ಇಪ್ಪತ್ತೇಳರ ಹೊತ್ತಿಗೆ ಒಂದಿಷ್ಟು ಓದುವಂಥ ಪದ್ಯಗಳು ಸೇರಿದ್ದವು, ಅರ್ಜಿಯ ಮೊದಲ ಕಾಲಮ್ಮಿನಲ್ಲೇ 'ಇದು ನಿಮ್ಮ ಪ್ರಥಮ ಕೃತಿಯೇ?' ಎಂದಿತ್ತು. ಅಟ್ಟದಲ್ಲಿ ಉಳಿದಿದ್ದ ಪ್ರತಿಗಳು ಮೇಲಿಂದ ನನ್ನನ್ನೇ ನೋಡುತ್ತಿದ್ದವು.

ನಿಮ್ಮ ವಯಸ್ಸಿನ ಲೆಕ್ಕವೂ ನಿಮ್ಮ ಪರವಾಗಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2011ರಿಂದ ಕೊಡುತ್ತಿರುವ ಯುವ ಪುರಸ್ಕಾರಕ್ಕೆ 35ರವರೆಗೆ ಅವಕಾಶ, ಬಹುಮಾನ 50,000 ರೂಪಾಯಿ. ಬೆಂಗಳೂರಿನ ಟೋಟೋ ಫಂಡ್ಸ್ ದಿ ಆರ್ಟ್ಸ್ ಸಂಸ್ಥೆ ಕನ್ನಡದ ಸೃಜನಶೀಲ ಬರಹಕ್ಕೆ ಕೊಡುವ ಪುರಸ್ಕಾರ ಮೂವತ್ತರ ಒಳಗಿನವರಿಗೆ. ಅದಕ್ಕೆ ಪುಸ್ತಕವೇ ಬೇಕಿಲ್ಲ, ಬಿಡಿ ಬರಹಗಳು ಸಾಕು. 2021ರಲ್ಲಿ ಶುರುವಾದ 'ಪಿಎಂ ಯುವ' ಯೋಜನೆಯನ್ನು ನ್ಯಾಷನಲ್ ಬುಕ್ ಟ್ರಸ್ಟ್ ನಡೆಸುತ್ತದೆ. ಮೂವತ್ತರೊಳಗಿನವರು ಅರ್ಜಿ ಹಾಕಬಹುದು, ಆಯ್ಕೆಯಾದವರಿಗೆ ಆರು ತಿಂಗಳು ತಿಂಗಳಿಗೆ 50,000 ರೂಪಾಯಿ ವೇತನ, ಕನ್ನಡದಲ್ಲೂ ಬರೆಯಬಹುದು. ಆದರೆ ಅದಕ್ಕೆ ಪ್ರತಿ ಸುತ್ತಿನಲ್ಲೂ ಅವರೇ ವಿಷಯ ಕೊಡುತ್ತಾರೆ. ನಿಮ್ಮ ಕಥೆಗಳು ಅಲ್ಲಿ ನಡೆಯುವುದಿಲ್ಲ. ಮೊದಲ ಸುತ್ತಿನ ವಿಷಯ ಸ್ವಾತಂತ್ರ್ಯ ಹೋರಾಟವಾಗಿತ್ತು. ನಿಮ್ಮ ಜಿಲ್ಲೆಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್‌ನಲ್ಲಿ ನಡೆದ ಗೋಲಿಬಾರಿನ ಬಗ್ಗೆ ಊರೂರು ಸುತ್ತಿ ಬರೆಯುವವರಿಗೆ ಹೇಳಿ ಮಾಡಿಸಿದಂತಿತ್ತು. ವಿಷಯ ಹೊಂದಿದರೆ ಮಾತ್ರ ಹೋಗಿ, ಹಣಕ್ಕಾಗಿ ಒಗ್ಗದ ವಿಷಯ ಹೊತ್ತುಕೊಳ್ಳಬೇಡಿ.

ಪ್ರಜಾವಾಣಿಯ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ ನಿಮಗೆ ಗೊತ್ತೇ ಇರಬೇಕು. ಇಂಥ ಸ್ಪರ್ಧೆಗಳಲ್ಲಿ ಬಹುಮಾನದ ಹಣಕ್ಕಿಂತ ದೊಡ್ಡ ಲಾಭ ಬೇರೆ. ಬಹುಮಾನ ಬಂದ ಮಾರನೆಯ ದಿನದಿಂದ ಪ್ರಕಾಶಕರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ಬೆಂಗಳೂರಿನಲ್ಲಿ ಪರಿಚಯ ಎಂದು ನೀವು ಕೇಳುತ್ತಿರುವುದು ಇದನ್ನೇ. ಒಂದು ಎಚ್ಚರ ಮಾತ್ರ ಇರಲಿ. ಸ್ಪರ್ಧೆಗಳ ನಿಯಮದಲ್ಲಿ 'ಅಪ್ರಕಟಿತ' ಎಂಬ ಪದಕ್ಕೆ ಫೇಸ್‌ಬುಕ್, ಬ್ಲಾಗ್, 'ಪ್ರತಿಲಿಪಿ' ಎಂಬ ಕಥೆಗಳ ಜಾಲತಾಣ ಯಾವುದರಲ್ಲೂ ಬಂದಿರಬಾರದು ಎಂದೇ ಅರ್ಥ. ನೀವು ಫೇಸ್‌ಬುಕ್‌ಗೆ ಹಾಕಿದ ಕಥೆ ಸ್ಪರ್ಧೆಗಳ ಮಟ್ಟಿಗೆ ಮುಗಿಯಿತು. ಉಳಿದ ಹದಿಮೂರನ್ನು ಹೊರಗೆ ಬಿಡಬೇಡಿ. ಪ್ರತಿಲಿಪಿಯಂಥ ಕಡೆ ಓದುಗರು ಧಾರಾಳ, ಧಾರಾವಾಹಿ ಬರೆಯುವವರಿಗೆ ಅದು ಒಳ್ಳೆಯ ಗರಡಿ. ಆದರೆ ಅಲ್ಲಿ ಸಿಗುವ 'ಸೂಪರ್ ಮೇಡಂ' ಎಂಬ ಮೆಚ್ಚುಗೆ ನಿಮ್ಮಂಥ ಕಥೆಗಾರರನ್ನು ಬೆಳೆಸುವುದಿಲ್ಲ.

ಜಿಲ್ಲೆಯಲ್ಲೇ ಏನಿದೆ? ಸಾಹಿತ್ಯ ಪರಿಷತ್ತಿನ ಜಿಲ್ಲಾ, ತಾಲ್ಲೂಕು ಸಮ್ಮೇಳನಗಳಿವೆ. ಕವಿಗೋಷ್ಠಿಯಲ್ಲಿ ಮೂರು ನಿಮಿಷ, ಒಂದು ಪ್ರಮಾಣಪತ್ರ, ಚಿತ್ರಾನ್ನ. ಹೋಗಿ ಬನ್ನಿ, ನಾಲ್ಕು ಜನ ಸಿಗುತ್ತಾರೆ. ಕೋಲಾರದ ಬೆಟ್ಟದ ಮೇಲೆ ತೇರಹಳ್ಳಿಯಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಂದಿಗೆ ಕಟ್ಟಿದ 'ಆದಿಮ' ಸಾಂಸ್ಕೃತಿಕ ಕೇಂದ್ರ ಹುಣ್ಣಿಮೆ ಹಾಡಿನ ರಾತ್ರಿಗಳಿಂದ ಹೆಸರಾದದ್ದು. ಅಂಥ ಕಡೆ ಕೇಳುವ ಕಿವಿಗಳಿರುತ್ತವೆ. ಅದಕ್ಕಿಂತಲೂ ನಿಮಗೆ ಬೇಕಾದ್ದು, ಮುಲಾಜಿಲ್ಲದೆ 'ಇಲ್ಲಿ ಬೇಸರವಾಯಿತು' ಎನ್ನುವ ಇಬ್ಬರು ಓದುಗರು. ನಿಮ್ಮ ಶಾಲೆಯ ಸಹೋದ್ಯೋಗಿಗಳಲ್ಲೇ ಹುಡುಕಿ. ಲೆಕ್ಕದ ಮೇಷ್ಟ್ರಾದರೆ ಇನ್ನೂ ಒಳ್ಳೆಯದು.

ಇನ್ನು ನಿಮ್ಮ ಎಂ.ಎ. ಮೇಷ್ಟ್ರ ಮಾತು. ಗೌರವದಿಂದಲೇ ಹೇಳುತ್ತೇನೆ, ಈ ವಿಷಯದಲ್ಲಿ ಅವರು ತಪ್ಪಿದ್ದಾರೆ. ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಅವರ ಕನ್ನಡಕ್ಕೆ ಅದರಿಂದ ಏನೂ ಕಡಿಮೆಯಾಗಲಿಲ್ಲ. ಬಾಗೇಪಲ್ಲಿಯಿಂದ ಮುಳಬಾಗಿಲಿನವರೆಗೆ ನಮ್ಮ ಕಡೆಯವರು ಸಂತೆಯಲ್ಲಿ ಒಂದು ಭಾಷೆಯಲ್ಲಿ ಶುರುಮಾಡಿದ ವಾಕ್ಯವನ್ನು ಇನ್ನೊಂದರಲ್ಲಿ ಮುಗಿಸುತ್ತಾರೆ. ಧಾರವಾಡದ, ಕುಂದಾಪುರದ, ಚಾಮರಾಜನಗರದ ಮಾತನ್ನು ಕನ್ನಡ ಕಥೆ ಎಂದೋ ತನ್ನದಾಗಿಸಿಕೊಂಡಿದೆ. ಅವಿಭಜಿತ ಕೋಲಾರ ಜಿಲ್ಲೆಯ ಈ ಎರಡು ನಾಲಿಗೆಯ ಮಾತು ಅಷ್ಟಾಗಿ ಬಂದಿಲ್ಲ. ನಿಮ್ಮ ಕಥೆಯಲ್ಲಿ ಅಜ್ಜಿ ಗೂಡಿನಿಂದ ನೂಲು ತೆಗೆಸುವ ರೀಲರ್ ಸಾಹೇಬರ ಹತ್ತಿರ ಕೂಲಿ ಕೇಳುವಾಗ ಕನ್ನಡ, ಮೊಮ್ಮಗಳನ್ನು ಬಯ್ಯುವಾಗ ತೆಲುಗು, ದೇವರ ಮುಂದೆ ಎರಡೂ. ಅದನ್ನು ನೀವು ಯೋಚಿಸಿ ಮಾಡಿದಿರೋ ಕೈತಪ್ಪಿ ಬಂತೋ ಗೊತ್ತಿಲ್ಲ, ಕಥೆಯ ಜೀವ ಅಲ್ಲೇ ಇದೆ. ಅದನ್ನು ತೆಗೆದರೆ ಉಳಿಯುವುದು ರೇಷ್ಮೆ ಇಲಾಖೆಯ ಕರಪತ್ರ. ಆದರೆ ತೆಲುಗು ಮಾತಿನ ಪಕ್ಕದಲ್ಲೇ ಕಂಸದೊಳಗೆ ಕನ್ನಡ ಅರ್ಥ ಕೊಟ್ಟಿದ್ದೀರಲ್ಲ, ಅವನ್ನೆಲ್ಲ ಅಳಿಸಿ. ಬೈಗುಳ ಎಂಬುದು ಧಾರವಾಡದ ಓದುಗರಿಗೂ ಸನ್ನಿವೇಶದಿಂದಲೇ ತಿಳಿಯುತ್ತದೆ.

ಇಷ್ಟಾದ ಮೇಲೂ, ಎರಡು ಮೂರು ವರ್ಷ ಕಳೆದು, ಐದಾರು ಕಥೆಗಳು ಪತ್ರಿಕೆಗಳಲ್ಲಿ ಬಂದು, ಪ್ರಕಾಶಕರು ಸಿಗದೆ ಸ್ವಂತ ಖರ್ಚಿನಲ್ಲೇ ಪುಸ್ತಕ ತರುವ ಮನಸ್ಸಾದರೆ ತನ್ನಿ. ಕನ್ನಡದಲ್ಲಿ ಆ ದಾರಿ ಹೊಸದೇನೂ ಅಲ್ಲ. ಆಗ ನಿಮ್ಮದೇ ಪ್ರಕಾಶನದ ಹೆಸರಿಟ್ಟು ಐಎಸ್‌ಬಿಎನ್ ಪಡೆಯಿರಿ. ಮೂರು ಪ್ರೆಸ್‌ಗಳಲ್ಲಿ ಲಿಖಿತ ದರಪಟ್ಟಿ ಕೇಳಿ, ಕಾಗದದ ಜಿಎಸ್‌ಎಂ ಅದರಲ್ಲಿ ಬರೆದಿರಲಿ. 500 ಬೇಡ, ಮೊದಲು 200 ಸಾಕು. ಪ್ರತಿಗೆ ವೆಚ್ಚ ಸ್ವಲ್ಪ ಹೆಚ್ಚು ಬೀಳುತ್ತದೆ, ಆದರೆ ಅಟ್ಟ ಖಾಲಿ ಇರುತ್ತದೆ. ಉಳಿಸಿದ ಹಣದಲ್ಲಿ ಕರಡು ತಿದ್ದುವವರಿಗೆ ಒಂದು ಪಾಲು ಕೊಡಿ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳುಹಿಸಬೇಕಾದ ಹೊಣೆ ಆಗ ನಿಮ್ಮದು. ಅಂಗಡಿಯವರು ಮುಖಬೆಲೆಯಲ್ಲಿ ಮೂವತ್ತರಿಂದ ನಲವತ್ತು ಭಾಗ ರಿಯಾಯಿತಿ ಕೇಳುತ್ತಾರೆ, ಮಾರಿದ ಮೇಲೆ ದುಡ್ಡು ಎನ್ನುತ್ತಾರೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳುವ ಏಕಗವಾಕ್ಷಿ ಯೋಜನೆಗೂ ಅರ್ಜಿ ಹಾಕಬಹುದು. ಆಯ್ಕೆಯಾದರೆ ಒಳ್ಳೆಯ ಸಂಖ್ಯೆಯ ಪ್ರತಿಗಳು ಹೋಗುತ್ತವೆ. ಆದರೆ ಆ ಬಿಲ್ಲನ್ನು ನಂಬಿ ಸಾಲ ಮಾಡಬೇಡಿ. ಹಣ ಬರುವ ಹೊತ್ತಿಗೆ ನಿಮ್ಮ ಅಪ್ಪ ಇನ್ನೂ ಎಷ್ಟು ಬೆಳೆ ಗೂಡು ಬಿಡಿಸಿರುತ್ತಾರೋ ಹೇಳಲಾಗದು.

ದುಡ್ಡಿನ ನಿರೀಕ್ಷೆಯನ್ನೂ ಸರಿಮಾಡಿಕೊಳ್ಳಿ. ಒಳ್ಳೆಯ ಪ್ರಕಾಶಕರು ಸಾಮಾನ್ಯವಾಗಿ ಮುಖಬೆಲೆಯ ಶೇಕಡ 10 ಗೌರವಧನ ಕೊಡುತ್ತಾರೆ. 150 ರೂಪಾಯಿಯ ಪುಸ್ತಕದ 500 ಪ್ರತಿಯೂ ಖರ್ಚಾದರೆ ನಿಮಗೆ 7,500. ಶಾಲೆಯ ಕೆಲಸ ಬಿಡುವ ಮಾತು ಪತ್ರದಲ್ಲಿಲ್ಲ, ಸಂತೋಷ.

ಆ ಪ್ರಕಾಶಕರಿಗೆ ಏನು ಹೇಳುವುದು? ಜಗಳವೇನೂ ಬೇಡ. 'ಸದ್ಯ ಪುಸ್ತಕ ತರುತ್ತಿಲ್ಲ, ನನ್ನ ಕಥೆಗಳನ್ನು ಮುದ್ರಿಸಲು ಅನುಮತಿ ಕೊಟ್ಟಿಲ್ಲ' ಎಂದು ಒಂದು ಸಂದೇಶ ಕಳುಹಿಸಿ, ಅದನ್ನು ಉಳಿಸಿಟ್ಟುಕೊಳ್ಳಿ. ತಿಂಗಳೊಳಗೆ ಎಂಬ ಗಡುವಿಗೆ ಹೆದರಬೇಡಿ. ಮುಂದಿನ ತಿಂಗಳೂ ಅವರು ಫೋನ್ ಮಾಡುತ್ತಾರೆ, ಆಗ 55,000 ಎನ್ನುತ್ತಾರೆ.

ಇನ್ನು ಹದಿಮೂರು ಕಥೆಗಳಲ್ಲಿ ಮೊದಲು ಹೊರಡಬೇಕಾದ್ದು 'ಬಿಸಿನೀರು'. ಅದನ್ನು ಎರಡು ಸಲ ಓದಿದೆ. ಶುರುವಿನ ಒಂದೂವರೆ ಪುಟದಲ್ಲಿ ಹಿಪ್ಪುನೇರಳೆ ತೋಟದ ವರ್ಣನೆ ಇದೆ. ನೀವು ಬೆಳೆದ ಜಾಗವಾದ್ದರಿಂದ ಬಿಡಲು ಮನಸ್ಸು ಬಾರದು, ಆದರೂ ಬಿಡಿ. ಬಾಣಲೆಯ ಹಬೆಯಿಂದಲೇ ಕಥೆ ಶುರುವಾಗಲಿ. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಹುಳುವಿಗೆ ಸೊಪ್ಪು ಹಾಕುವ ರಾತ್ರಿಯ ದೃಶ್ಯ ಚೆನ್ನಾಗಿದೆ, ಒಂದಕ್ಷರವನ್ನೂ ಮುಟ್ಟಬೇಡಿ. ಕೊನೆಯಲ್ಲಿ ಅಜ್ಜಿ ಗೂಡು ಬೆಂದ ನೀರಿನಿಂದ ಕೈ ತೆಗೆದು, ಸುಕ್ಕಾದ ಬೆರಳುಗಳನ್ನು ಮೊಮ್ಮಗಳ ಹೊಸ ಸಮವಸ್ತ್ರಕ್ಕೆ ತಾಗದಂತೆ ಹಿಂದೆ ಇಟ್ಟುಕೊಳ್ಳುತ್ತಾಳೆ. ಅದಾದ ಮೇಲೆ ಬಡತನದ ಬಗ್ಗೆ ಎರಡು ಪ್ಯಾರಾ ಬರೆದಿದ್ದೀರಿ. ಅವನ್ನು ತೆಗೆದು ಕಳುಹಿಸಿ.